ಫೌಲ್ಡ್ಸ್, ರಬ್ರಾ, ಗಿಪ್ಸ್: ಕಡೆಗಣನೆಗೊಳಗಾದ ಬ್ರಿಟಿಷ್ ಸಂಯೋಜಕರಿಗೆ ಎರಡನೆಯ ಕಛೇರಿ ಏಕೆ ಸಿಗುತ್ತಿಲ್ಲ?

ನಾದಾನ್ವೇಷಿ (ಚರ್ಚೆ ಆರಂಭಿಸಿದವರು)

ಇಂಗ್ಲೆಂಡಿನ ದೊಡ್ಡ ವಾದ್ಯವೃಂದಗಳು ಮುಂದಿನ ವರ್ಷದ ಕಛೇರಿಗಳ ಪಟ್ಟಿಯನ್ನು ಪ್ರಕಟಿಸಿದಾಗಲೆಲ್ಲ ನಾನು ಮೊದಲು ಹುಡುಕುವ ಹೆಸರು ಎಡ್ಮಂಡ್ ರಬ್ರಾ ಅವರದು. ಅದು ಸಿಗುವುದು ಬಲು ಅಪರೂಪ. ಎಲ್ಗರ್ ಇರುತ್ತಾರೆ, ವಾನ್ ವಿಲಿಯಮ್ಸ್ ಇರುತ್ತಾರೆ, ಹೋಲ್ಸ್ಟ್ ಅವರ ‘ದಿ ಪ್ಲಾನೆಟ್ಸ್’ ಇರುತ್ತದೆ, ಬೆಂಜಮಿನ್ ಬ್ರಿಟನ್ ಮತ್ತು ವಾಲ್ಟನ್ ಇರುತ್ತಾರೆ. ಅಲ್ಲಿಗೆ ಬ್ರಿಟಿಷ್ ಸಂಗೀತದ ಪಾಲು ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ರಬ್ರಾ (1901–1986) ಬರೆದ 11 ಸಿಂಫನಿಗಳು (ಇಡೀ ವಾದ್ಯವೃಂದಕ್ಕಾಗಿ ಬರೆದ ದೊಡ್ಡ ಕೃತಿಗಳು), ರಾಬರ್ಟ್ ಸಿಂಪ್ಸನ್ ಅವರ 11 ಸಿಂಫನಿಗಳು ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಬರೆದ 15 ಸ್ಟ್ರಿಂಗ್ ಕ್ವಾರ್ಟೆಟ್‌ಗಳು, ರೂತ್ ಗಿಪ್ಸ್ (1921–1999) ಅವರ 5 ಸಿಂಫನಿಗಳು, ಜಾನ್ ಫೌಲ್ಡ್ಸ್ (1880–1939) ಅವರ ದೊಡ್ಡ ಕೃತಿಗಳು ಇವೆಲ್ಲ ಆ ಗೆರೆಯ ಆಚೆಗೇ ಉಳಿದಿವೆ.

ಇವರ ಸಂಗೀತ ಕೇಳಲು ಎಲ್ಲಿಯೂ ಸಿಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. 1959ರಲ್ಲಿ ರಿಚರ್ಡ್ ಇಟರ್ ಅವರು ಲೈರಿಟಾ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಆರಂಭಿಸಿದಂದಿನಿಂದ ಚಾಂಡೋಸ್, ಹೈಪೀರಿಯನ್, ಡಟನ್ ಮೊದಲಾದ ಸಂಸ್ಥೆಗಳು ಈ ಸಂಗೀತವನ್ನು ಶ್ರದ್ಧೆಯಿಂದ ಮುದ್ರಿಸಿವೆ. ರಬ್ರಾ ಅವರ ಎಲ್ಲ ಸಿಂಫನಿಗಳನ್ನೂ ರಿಚರ್ಡ್ ಹಿಕಾಕ್ಸ್ ಅವರ ನಿರ್ದೇಶನದಲ್ಲಿ ಮನೆಯಲ್ಲಿ ಕುಳಿತೇ ಕೇಳಬಹುದು. ಆದರೆ ಎಂಬತ್ತು ಜನ ಒಟ್ಟಿಗೆ ಉಸಿರೆಳೆದು ನುಡಿಸುವಾಗ ಅದೇ ಕೋಣೆಯಲ್ಲಿ ಕುಳಿತು ಕೇಳುವುದು ಬೇರೆಯೇ ಅನುಭವ, ಮತ್ತು ಒಂದು ಕೃತಿಗೆ ಪರಂಪರೆಯಲ್ಲಿ ಸ್ಥಾನ ದೊರೆಯುವುದು ಅಲ್ಲಿಯೇ ಎಂದು ನಾನು ನಂಬಿದ್ದೇನೆ.

ನಾನು ಇಲ್ಲಿ ಮಂಡಿಸಬಯಸುವ ಮಾತು ಒಂದೇ. ಈ ಸಂಯೋಜಕರಿಗೆ ವೇದಿಕೆಯ ಮೇಲಿನ ಮೊದಲ ಪ್ರಯೋಗದ ಕೊರತೆ ಅಷ್ಟಾಗಿ ಇಲ್ಲ. ಎರಡನೆಯದು, ಮೂರನೆಯದು, ಹತ್ತನೆಯದು ಇಲ್ಲ. ಜನ್ಮಶತಮಾನೋತ್ಸವಕ್ಕೋ ವಿಶೇಷ ಸಂದರ್ಭಕ್ಕೋ ಒಂದು ಕೃತಿಯನ್ನು ಎತ್ತಿಕೊಳ್ಳುತ್ತಾರೆ, ಪತ್ರಿಕೆಗಳು ಅದನ್ನು ‘ಮರುಶೋಧ’ ಎಂದು ಕರೆಯುತ್ತವೆ, ಆ ಮೇಲೆ ಸ್ವರಲಿಪಿಯು ಮತ್ತೆ ಕಪಾಟು ಸೇರುತ್ತದೆ. ಫೌಲ್ಡ್ಸ್ ಅವರ ‘ಎ ವರ್ಲ್ಡ್ ರಿಕ್ವಿಯಮ್’ ಇದಕ್ಕೆ ದೊಡ್ಡ ಸಾಕ್ಷಿ. ಮೊದಲ ಮಹಾಯುದ್ಧದಲ್ಲಿ ಮಡಿದ ಎಲ್ಲ ದೇಶಗಳವರ ನೆನಪಿಗಾಗಿ ಬರೆದ ಈ ಕೃತಿಯನ್ನು, ಯುದ್ಧ ನಿಂತ ದಿನದ ನೆನಪಿನಂದು, 1923ರ ನವೆಂಬರ್ 11ರ ರಾತ್ರಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಗಾಯಕರು ಮತ್ತು ವಾದಕರು ಸೇರಿ ಪ್ರಸ್ತುತಪಡಿಸಿದರು. 1926ರವರೆಗೆ ಪ್ರತಿ ವರ್ಷವೂ ಅದು ನಡೆಯಿತು, ಅನಂತರ ನಿಂತಿತು. ಮತ್ತೆ ಅದೇ ಸಭಾಂಗಣದಲ್ಲಿ ಅದು ಕೇಳಿಬಂದದ್ದು 2007ರ ನವೆಂಬರ್ 11ರಂದು, ಲಿಯಾನ್ ಬಾಟ್‌ಸ್ಟೈನ್ ಅವರ ನಿರ್ದೇಶನದಲ್ಲಿ. ಒಂದು ದೇಶದ ವಾರ್ಷಿಕ ಶೋಕಾಚರಣೆಯ ಭಾಗವಾಗಿದ್ದ ಕೃತಿಯೊಂದು ಎಂಬತ್ತು ವರ್ಷ ಮೌನವಾಗಿದ್ದುದಕ್ಕೆ ಅದರ ಸ್ವರಗಳನ್ನು ಮಾತ್ರ ಹೊಣೆ ಮಾಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ನಿಮ್ಮೆಲ್ಲರ ಅಭಿಪ್ರಾಯವನ್ನು, ವಿಶೇಷವಾಗಿ ವಾದ್ಯವೃಂದಗಳಲ್ಲಿ ನುಡಿಸಿದ ಅನುಭವವಿರುವವರ ಅಭಿಪ್ರಾಯವನ್ನು, ತಿಳಿಯಬಯಸುತ್ತೇನೆ.

ಹಿಂದಿನ ಸಾಲಿನ ಕೇಳುಗ

ನಿಮ್ಮ ಕಾಳಜಿಯನ್ನು ಗೌರವಿಸುತ್ತಲೇ ಕೆಲವು ಆಕ್ಷೇಪಗಳನ್ನು ಎತ್ತುತ್ತೇನೆ. ಮೊದಲನೆಯದು, ಕಾಲವೂ ಒಂದು ಜರಡಿ ಎಂಬುದನ್ನು ನಾವು ಮರೆಯಬಾರದು. ಯಾವ ದೇಶದಲ್ಲಿಯೂ ಬರೆದದ್ದೆಲ್ಲವೂ ಉಳಿಯುವುದಿಲ್ಲ, ಉಳಿಯಬೇಕೆಂದೂ ಇಲ್ಲ. ಎರಡನೆಯದು ಹಣದ ಪ್ರಶ್ನೆ. ಆಲ್ಬರ್ಟ್ ಹಾಲ್‌ನಲ್ಲಿ 5,000ಕ್ಕೂ ಹೆಚ್ಚು ಜನ ಹಿಡಿಸುತ್ತಾರೆ. ಅಷ್ಟು ದೊಡ್ಡದಲ್ಲದ ಊರಿನ ಸಭಾಂಗಣದಲ್ಲಿಯೂ ಸಾವಿರ ಟಿಕೆಟ್ ಮಾರಲೇಬೇಕು. ಸರ್ಕಾರದ ನೆರವು ಕುಗ್ಗುತ್ತಿರುವಾಗ ಜನರಿಗೆ ಗೊತ್ತಿಲ್ಲದ ಹೆಸರನ್ನು ಭಿತ್ತಿಪತ್ರದಲ್ಲಿ ಅಚ್ಚು ಹಾಕಿಸುವ ವ್ಯವಸ್ಥಾಪಕರ ಎದೆಬಡಿತವನ್ನೂ ನಾವು ಅರ್ಥ ಮಾಡಿಕೊಳ್ಳಬೇಕು.

ಹ್ಯಾವರ್ಗಲ್ ಬ್ರಯನ್ (1876–1972) ಅವರನ್ನೇ ನೋಡಿ. 32 ಸಿಂಫನಿಗಳನ್ನು ಬರೆದರು, ಅವುಗಳಲ್ಲಿ ಹೆಚ್ಚಿನವನ್ನು 80 ವರ್ಷ ದಾಟಿದ ಮೇಲೆ. ಅವರ ಮೊದಲ ಸಿಂಫನಿ ‘ಗಾಥಿಕ್’ಗೆ ಹಿಗ್ಗಿಸಿದ ವಾದ್ಯವೃಂದ, ವೇದಿಕೆಯಾಚೆ ನಿಂತು ನುಡಿಸುವ ನಾಲ್ಕು ಹಿತ್ತಾಳೆ ವಾದ್ಯಗಳ ತಂಡ, ಹಲವು ಗಾಯಕವೃಂದ, ಮಕ್ಕಳ ಗಾಯಕವೃಂದ, ನಾಲ್ವರು ಪ್ರಧಾನ ಗಾಯಕರು ಬೇಕು, ಸುಮಾರು ಎರಡು ಗಂಟೆ ಹಿಡಿಯುತ್ತದೆ. 2011ರಲ್ಲಿ ಮಾರ್ಟಿನ್ ಬ್ರಾಬಿನ್ಸ್ ಅವರು ಲಂಡನ್ನಿನಲ್ಲಿ ಬಿಬಿಸಿ ನಡೆಸುವ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಅದನ್ನು ನಿರ್ದೇಶಿಸಿದಾಗ ಟಿಕೆಟ್‌ಗಳು ಬಹುಬೇಗ ಮಾರಾಟವಾದುದು ನಿಜ. ಆದರೆ ಅದು ಅಪರೂಪಕ್ಕೆ ನಡೆಯುತ್ತದೆ ಎಂಬ ಕಾರಣಕ್ಕೇ ಜನ ಬಂದರು. ಪ್ರತಿ ವರ್ಷ ನಡೆಸಿದರೆ ಬರುತ್ತಾರೆಯೇ?

ಇನ್ನೊಂದು ಮಾತು. ಕಡೆಗಣನೆಯೆಲ್ಲ ಅನ್ಯಾಯವೇ ಆಗಿರಬೇಕಿಲ್ಲ. ಮುಂಬಯಿ ಮೂಲದ ಪಾರ್ಸಿ ತಂದೆಗೆ ಇಂಗ್ಲೆಂಡಿನಲ್ಲಿ ಹುಟ್ಟಿದ ಕೈಖುಸ್ರು ಶಾಪುರ್ಜಿ ಸೊರಾಬ್ಜಿ (1892–1988) ಅವರು ತಮ್ಮ ಕೃತಿಗಳನ್ನು ಸಾರ್ವಜನಿಕವಾಗಿ ನುಡಿಸುವುದನ್ನು ತಾವೇ ದಶಕಗಳ ಕಾಲ ತಡೆದಿದ್ದರು. 1976ರಲ್ಲಿಯೇ ಪಿಯಾನೊ ವಾದಕ ಯಾಂಟಿ ಸಾಲೊಮನ್ ಅವರಿಗೆ ಅನುಮತಿ ದೊರೆತದ್ದು. ಅವರ ವಿಷಯದಲ್ಲಿ ಕಾರ್ಯಕ್ರಮ ರೂಪಿಸುವವರನ್ನು ದೂರಲಾಗುವುದಿಲ್ಲ.

ವಿಯೋಲಾ ಮೇಜು

ನಾನು ಇಂಗ್ಲೆಂಡಿನಲ್ಲಿ ಕೆಲವು ವರ್ಷ ವಾದ್ಯವೃಂದಗಳಲ್ಲಿ ವಿಯೋಲಾ ನುಡಿಸಿದ್ದೇನೆ. ಹಿಂದಿನ ಸಾಲಿನವರು ಎತ್ತಿದ ಹಣದ ಪ್ರಶ್ನೆಯ ಒಳಗೇ ಇನ್ನೊಂದು ಪ್ರಶ್ನೆ ಅಡಗಿದೆ, ಅದನ್ನು ಸಭಿಕರು ಕಾಣುವುದಿಲ್ಲ. ಅದು ತಾಲೀಮಿನ ಸಮಯ. ಬ್ರಿಟಿಷ್ ವಾದಕರು ಸ್ವರಲಿಪಿಯನ್ನು ಕಂಡೊಡನೆ ನುಡಿಸುವುದಕ್ಕೆ ಹೆಸರಾದವರು, ಮತ್ತು ಅಲ್ಲಿಯ ಇಡೀ ವ್ಯವಸ್ಥೆ ಆ ಜಾಣ್ಮೆಯ ಮೇಲೆ ನಿಂತಿದೆ. ಮೂರು ಗಂಟೆಗಳ ಕೆಲವೇ ತಾಲೀಮುಗಳಲ್ಲಿ ಇಡೀ ಕಾರ್ಯಕ್ರಮ ಸಿದ್ಧವಾಗಬೇಕು. ಬ್ರಾಮ್ಸ್ ಅವರ ಸಿಂಫನಿಯನ್ನು ಎಲ್ಲರೂ ಹಿಂದೆ ಹತ್ತು ಸಲ ನುಡಿಸಿರುವುದರಿಂದ ಆ ಅವಧಿ ಸಾಕಾಗುತ್ತದೆ. ರಬ್ರಾ ಅವರ ಸಿಂಫನಿಯನ್ನು ಯಾರೂ ನುಡಿಸಿಲ್ಲ. ಆದರೂ ಅದಕ್ಕೆ ದೊರೆಯುವುದು ಅಷ್ಟೇ ಸಮಯ, ಹಲವೊಮ್ಮೆ ಅದಕ್ಕಿಂತ ಕಡಿಮೆ. ಅರ್ಧ ಬೆಂದ ಪ್ರಯೋಗವನ್ನು ಕೇಳಿದ ಜನ ಕೃತಿಯೇ ಮಂಕಾಗಿದೆ ಎಂದುಕೊಂಡು ಮನೆಗೆ ಹೋಗುತ್ತಾರೆ, ವಿಮರ್ಶಕರೂ ಹಾಗೆಯೇ ಬರೆಯುತ್ತಾರೆ, ಮತ್ತು ಕಾಲದ ಜರಡಿ ಎಂದು ನಾವು ಕರೆಯುವುದು ಹಲವು ಸಲ ಇಷ್ಟೇ ಆಗಿರುತ್ತದೆ.

ಇದಕ್ಕೆ ಅತಿ ದೊಡ್ಡ ನಿದರ್ಶನ, ಇಂದು ಎಲ್ಲರೂ ಪ್ರೀತಿಸುವ ಎಲ್ಗರ್ ಅವರ ಚೆಲ್ಲೊ ಕಾನ್ಸರ್ಟೊ (ಒಬ್ಬ ಪ್ರಧಾನ ವಾದಕರು ವಾದ್ಯವೃಂದದೊಡನೆ ನುಡಿಸುವ ಕೃತಿ). 1919ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲ್‌ನಲ್ಲಿ ಅದರ ಮೊದಲ ಪ್ರಯೋಗ ನಡೆದಾಗ, ಕಾರ್ಯಕ್ರಮದ ಉಳಿದ ಭಾಗವನ್ನು ನಿರ್ದೇಶಿಸುತ್ತಿದ್ದ ಆಲ್ಬರ್ಟ್ ಕೋಟ್ಸ್ ಅವರು ಎಲ್ಗರ್ ಅವರ ತಾಲೀಮಿನ ಸಮಯವನ್ನೂ ಬಳಸಿಕೊಂಡರು, ಪ್ರಯೋಗ ಸೋತಿತು. ಎಲ್ಗರ್ ಆಗಲೇ ನಾಡಿಗೆಲ್ಲ ಗೊತ್ತಿದ್ದ ಹಿರಿಯರು. ಆದ್ದರಿಂದ ಆ ಕೃತಿಗೆ ಮತ್ತೆ ಮತ್ತೆ ಅವಕಾಶ ಸಿಕ್ಕಿತು, ಬಿಯಾಟ್ರಿಸ್ ಹ್ಯಾರಿಸನ್ ನುಡಿಸಿದರು, 1965ರಲ್ಲಿ ಜಾಕ್ವೆಲಿನ್ ಡು ಪ್ರೇ ನಿರ್ದೇಶಕ ಬಾರ್ಬಿರೋಲಿ ಅವರೊಡನೆ ಧ್ವನಿಮುದ್ರಿಸಿದರು. ಅದೇ ಕಾನ್ಸರ್ಟೊವನ್ನು ಹೆಸರಿಲ್ಲದ ಯಾರಾದರೂ ಬರೆದು, ಅದೇ ರಾತ್ರಿ ಅದೇ ರೀತಿ ಸೋತಿದ್ದರೆ ನಾವು ಇಂದು ಅದರ ಹೆಸರನ್ನೂ ಕೇಳುತ್ತಿರಲಿಲ್ಲ.

ಸ್ವರಲಿಪಿಗಳ ಸ್ಥಿತಿಯನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ಸಂಯೋಜಕರು ತೀರಿಕೊಂಡ 70 ವರ್ಷಗಳವರೆಗೆ ಕೃತಿಸ್ವಾಮ್ಯವಿದೆ. ಹೀಗಾಗಿ ಫೌಲ್ಡ್ಸ್ ಅವರ ಕೃತಿಗಳು ಈಗ ಮುಕ್ತವಾಗಿದ್ದರೂ ಬ್ರಯನ್ ಅವರವು 2042ರ ಕೊನೆಯವರೆಗೆ, ರಬ್ರಾ ಅವರವು 2056ರ ಕೊನೆಯವರೆಗೆ, ಗಿಪ್ಸ್ ಅವರವು 2069ರ ಕೊನೆಯವರೆಗೆ ಸ್ವಾಮ್ಯದಲ್ಲಿರುತ್ತವೆ. ಬೀಥೋವನ್ ಅವರ ಸ್ವರಲಿಪಿ ವಾದ್ಯವೃಂದದ ಗ್ರಂಥಾಲಯದಲ್ಲಿಯೇ ಇರುತ್ತದೆ, ಹಿಂದಿನವರು ಪೆನ್ಸಿಲ್‌ನಲ್ಲಿ ಬರೆದ ಸೂಚನೆಗಳ ಸಮೇತ. ಇವರದನ್ನು ಪ್ರಕಾಶಕರಿಂದ ಬಾಡಿಗೆಗೆ ತರಿಸಬೇಕು. ಬಂದ ಪ್ರತಿ ಕೆಲವೊಮ್ಮೆ ಕೈಬರಹದ್ದು, ತಪ್ಪುಗಳಿರುವಂಥದ್ದು, ಮತ್ತು ಆ ತಪ್ಪುಗಳನ್ನು ತಾಲೀಮಿನಲ್ಲಿಯೇ ತಿದ್ದಬೇಕಾಗುತ್ತದೆ. ಒಮ್ಮೆ ತಿದ್ದಿದ ಪ್ರತಿ ಮತ್ತೆ ಬಳಕೆಯಾದರೆ ಆ ಶ್ರಮ ಸಾರ್ಥಕ. ಆದ್ದರಿಂದಲೇ ನಾದಾನ್ವೇಷಿಯವರು ಹೇಳಿದ ಎರಡನೆಯ ಪ್ರಯೋಗ ಮೊದಲನೆಯದಕ್ಕಿಂತ ಅಗ್ಗವೂ ಹೌದು, ಉತ್ತಮವೂ ಹೌದು.

ರೂತ್ ಗಿಪ್ಸ್ ಅವರಿಗೆ ಇದು ಚೆನ್ನಾಗಿ ತಿಳಿದಿತ್ತು. ಬರ್ಮಿಂಗ್‌ಹ್ಯಾಮ್ ವಾದ್ಯವೃಂದದಲ್ಲಿ ಓಬೊ ನುಡಿಸಿದವರು, ಪಿಯಾನೊ ವಾದಕಿ, ಕೈಗೆ ತೊಂದರೆಯಾಗಿ ವಾದನ ನಿಂತ ಮೇಲೆ ನಿರ್ದೇಶನಕ್ಕೆ ಇಳಿದವರು. 1955ರಲ್ಲಿ ಅವರು ‘ಒನ್ ರಿಹರ್ಸಲ್ ಆರ್ಕೆಸ್ಟ್ರಾ’ ಕಟ್ಟಿದ್ದು ಕಿರಿಯ ವಾದಕರಿಗೆ ಹೆಚ್ಚು ಕೃತಿಗಳ ಪರಿಚಯವಾಗಲಿ ಎಂದು. 1961ರಲ್ಲಿ ಕಟ್ಟಿದ ಚಾಂಟಿಕ್ಲೀರ್ ವಾದ್ಯವೃಂದದ ಕಛೇರಿಗಳಲ್ಲಿ ಜೀವಂತವಿರುವ ಸಂಯೋಜಕರೊಬ್ಬರ ಕೃತಿಗೆ ಜಾಗವಿರುತ್ತಿತ್ತು. ಇತರರಿಗಾಗಿ ಇಷ್ಟು ಮಾಡಿದವರ ಎರಡನೆಯ ಸಿಂಫನಿ ಪ್ರಾಮ್ಸ್ ವೇದಿಕೆಗೆ ಬಂದದ್ದು 2021ರಲ್ಲಿ, ಅವರು ತೀರಿಕೊಂಡು ಎರಡು ದಶಕಗಳಾದ ಮೇಲೆ. ಅದನ್ನು ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಮೇಳಕರ್ತ

ವೀಣೆಯ ವಿದ್ಯಾರ್ಥಿಯಾಗಿ ಫೌಲ್ಡ್ಸ್ ಅವರ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಏಕೆಂದರೆ ಕನ್ನಡದ ಕೇಳುಗರು ಅವರ ಸಂಗೀತವನ್ನು ಬೇರೆಯವರಿಗಿಂತ ಬೇಗ ಹಿಡಿಯಬಲ್ಲರು ಎಂದು ನನಗೆ ಅನ್ನಿಸುತ್ತದೆ. ಮ್ಯಾಂಚೆಸ್ಟರಿನಲ್ಲಿ ಹುಟ್ಟಿ ಹ್ಯಾಲೆ ವಾದ್ಯವೃಂದದಲ್ಲಿ ಚೆಲ್ಲೊ ನುಡಿಸಿದ ಫೌಲ್ಡ್ಸ್ ಅವರಿಗೆ ಭಾರತೀಯ ಸಂಗೀತದ ಬಾಗಿಲು ತೆರೆದವರು ಅವರ ಪತ್ನಿ, ಪಿಟೀಲು ವಾದಕಿ ಮಾಡ್ ಮೆಕಾರ್ಥಿ. ಆಕೆ ಆನಿ ಬೆಸೆಂಟ್ ಅವರೊಡನೆ ಭಾರತಕ್ಕೆ ಬಂದು ಇಲ್ಲಿಯ ಸಂಗೀತವನ್ನು ಅಭ್ಯಾಸ ಮಾಡಿದ್ದರು. ಫೌಲ್ಡ್ಸ್ ಅವರ ಪಿಯಾನೊ ಕೃತಿಗಳಾದ ‘ಎಸ್ಸೇಸ್ ಇನ್ ದಿ ಮೋಡ್ಸ್’ನ ಹಿಂದೆ ನಮ್ಮ 72 ಮೇಳಕರ್ತಗಳ (ಜನಕರಾಗಗಳ) ಪದ್ಧತಿಯ ಅಧ್ಯಯನವಿದೆ. ಒಂದೊಂದು ತುಣುಕೂ ತಾನು ಆರಿಸಿಕೊಂಡ ಸ್ವರಗಳನ್ನು ಬಿಟ್ಟು ಹೊರಗೆ ಕಾಲಿಡುವುದಿಲ್ಲ.

ನಮಗೆ ಇದು ಸಹಜ. ಒಂದು ರಾಗದೊಳಗೆ ಗಂಟೆಗಟ್ಟಲೆ ಇರುವುದು ನಮ್ಮ ಸಂಗೀತದ ಪ್ರಾಣ. ಆದರೆ ಶ್ರುತಿಕೇಂದ್ರವನ್ನು ಬದಲಿಸುತ್ತ ಹೋಗುವುದರಿಂದಲೇ ಚಲನೆಯನ್ನು ಸಾಧಿಸುವ ಯುರೋಪಿನ ವಾದ್ಯವೃಂದ ಸಂಗೀತದಲ್ಲಿ, ಏಳು ಸ್ವರಗಳನ್ನು ಬಿಟ್ಟು ಕದಲದೆ, ತಾಳದ ಒತ್ತಡದಿಂದ ಮತ್ತು ಸ್ವರಗುಚ್ಛಗಳ ಘರ್ಷಣೆಯಿಂದ ಮಾತ್ರ ಬಿರುಗಾಳಿ ಎಬ್ಬಿಸುವುದು ಎಷ್ಟು ಕಷ್ಟ ಎಂಬುದನ್ನು ಅವರ ‘ಥ್ರೀ ಮಂತ್ರಾಸ್’ನ ಮೂರನೆಯ ಭಾಗವನ್ನು ಕೇಳಿದವರು ಬಲ್ಲರು. ಕೈಬಿಟ್ಟ ಒಂದು ಸಂಸ್ಕೃತ ಆಪೆರಾದ ಅಂಕಗಳಿಗೆ ಮುನ್ನುಡಿಯಾಗಿ ಬರೆದ ಈ ಮೂರು ಭಾಗಗಳಷ್ಟೇ ಅದರಿಂದ ಉಳಿದವು. ಎರಡನೆಯ ಭಾಗದಲ್ಲಿ ಸಾಹಿತ್ಯವಿಲ್ಲದ ಸ್ತ್ರೀಕಂಠಗಳು ಸೇರುತ್ತವೆ. ಇಪ್ಪತ್ತೈದು ನಿಮಿಷಗಳ ಆಸುಪಾಸಿನ ಕೃತಿ. ಯಾವುದೇ ಕಛೇರಿಯ ಮೊದಲ ಅರ್ಧದಲ್ಲಿ ಕೂರುತ್ತದೆ. ಅದಕ್ಕೆ ‘ಗಾಥಿಕ್’ನಂತೆ ಸೈನ್ಯವೂ ಬೇಕಿಲ್ಲ.

ಫೌಲ್ಡ್ಸ್ 1935ರಲ್ಲಿ ಭಾರತಕ್ಕೆ ಬಂದು ದೆಹಲಿಯ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದ ಮುಖ್ಯಸ್ಥರಾದರು. ಭಾರತೀಯ ವಾದಕರನ್ನು ಸೇರಿಸಿ ವಾದ್ಯವೃಂದ ಕಟ್ಟಿದರು. ಹಾರ್ಮೋನಿಯಂ ನಮ್ಮ ಗಮಕಗಳಿಗೆ ಒಗ್ಗದ ವಾದ್ಯ ಎಂದು ವಾದಿಸಿದವರಲ್ಲಿ ಅವರೂ ಒಬ್ಬರು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸುವ ಹೊತ್ತಿಗೆ ಅವರು ಬದುಕಿರಲಿಲ್ಲ. 1939ರ ಏಪ್ರಿಲ್‌ನಲ್ಲಿ ಕಲ್ಕತ್ತೆಗೆ ಹೋದ ಕೆಲವೇ ದಿನಗಳಲ್ಲಿ ಕಾಲರಾ ಅವರನ್ನು ಬಲಿ ತೆಗೆದುಕೊಂಡಿತು. ಇಲ್ಲಿ ಬರೆದ ಹಸ್ತಪ್ರತಿಗಳಲ್ಲಿ ಹಲವು ಕಳೆದುಹೋದವು. ಉಳಿದವನ್ನು ಈಚೆಗೆ ಎತ್ತಿ ಹಿಡಿದವರಲ್ಲಿ ಬರ್ಮಿಂಗ್‌ಹ್ಯಾಮ್ ವಾದ್ಯವೃಂದವನ್ನು ನಿರ್ದೇಶಿಸಿದ ಫಿನ್‌ಲೆಂಡಿನ ಸಕಾರಿ ಒರಾಮೊ ಮುಖ್ಯರು. ಹೊರದೇಶದವರೊಬ್ಬರ ಕಿವಿಗೆ ಅದು ಹೊಸದಾಗಿ ಕೇಳಿಸಿತು ಎಂಬುದು ಯೋಚಿಸತಕ್ಕ ಸಂಗತಿ.

ನಾದಾನ್ವೇಷಿ

ವಿಯೋಲಾ ಮೇಜಿನವರಿಗೂ ಮೇಳಕರ್ತ ಅವರಿಗೂ ಕೃತಜ್ಞತೆಗಳು. ತಾಲೀಮು ಮತ್ತು ಹಣದ ಜೊತೆಗೆ ಅಧಿಕಾರದ ಪ್ರಶ್ನೆಯನ್ನೂ ಸೇರಿಸಬೇಕು. 1959ರಲ್ಲಿ ವಿಲಿಯಮ್ ಗ್ಲಾಕ್ ಅವರು ಬಿಬಿಸಿಯ ಸಂಗೀತ ವಿಭಾಗದ ಮುಖ್ಯಸ್ಥರಾದರು. ಪ್ರಾಮ್ಸ್ ಉತ್ಸವವೂ ಅವರ ಕೈಗೆ ಬಂತು. ಅವರು ಮಾಡಿದ ಒಳ್ಳೆಯ ಕೆಲಸ ದೊಡ್ಡದು: ಹಳೆಯ ಶ್ರುತಿಪದ್ಧತಿಯನ್ನು ಬಿಟ್ಟು ಬರೆದ ಷೋನ್‌ಬರ್ಗ್, ವೆಬರ್ನ್, ಬೂಲೆಜ್ ಅವರ ಸಂಗೀತ ಬ್ರಿಟಿಷ್ ಜನರಿಗೆ ನಿಯಮಿತವಾಗಿ ಕೇಳಿಸಿತು, ಹೊಸ ಕೃತಿಗಳನ್ನು ಬರೆಸಲಾಯಿತು. ಆದರೆ ಅದೇ ವರ್ಷಗಳಲ್ಲಿ ಹಳೆಯ ಶ್ರುತಿಪದ್ಧತಿಯಲ್ಲಿ ಬರೆಯುತ್ತಿದ್ದ ಒಂದು ಇಡೀ ತಲೆಮಾರು ತಮಗೆ ಬಾಗಿಲು ಮುಚ್ಚಿತೆಂದು ನೊಂದಿತು. ಜಾರ್ಜ್ ಲಾಯ್ಡ್ (1913–1998) ಡಾರ್ಸೆಟ್‌ನಲ್ಲಿ ಕಾರ್ನೇಷನ್ ಹೂ ಮತ್ತು ಅಣಬೆ ಬೆಳೆದು ಜೀವನ ಸಾಗಿಸುತ್ತ ಬೆಳಗಿನ ಜಾವ ಸಿಂಫನಿ ಬರೆದರು. ಬಿಬಿಸಿ 1969ರಲ್ಲಿ ಒಪ್ಪಿಕೊಂಡ ಅವರ ಎಂಟನೆಯ ಸಿಂಫನಿ ಪ್ರಸಾರವಾದದ್ದು 1977ರಲ್ಲಿ.

ರಾಬರ್ಟ್ ಸಿಂಪ್ಸನ್ ಬಿಬಿಸಿಯ ಒಳಗೇ ಇದ್ದವರು. ಬ್ರಯನ್ ಅವರ ಎಂಟನೆಯ ಸಿಂಫನಿಯನ್ನು 1954ರಲ್ಲಿ ನಿರ್ದೇಶಕ ಏಡ್ರಿಯನ್ ಬೋಲ್ಟ್ ಅವರಿಂದ ನುಡಿಸಲು ದಾರಿ ಮಾಡಿದವರು ಅವರೇ. ಬ್ರಯನ್ ಅವರಿಗೆ ಆಗ 78ರ ಆಸುಪಾಸು. ತಮ್ಮದೊಂದು ಸಿಂಫನಿಯನ್ನು ವಾದ್ಯವೃಂದ ನುಡಿಸುವುದನ್ನು ಅವರು ಕೇಳಿದ್ದು ಅದೇ ಮೊದಲು. ಸಿಂಪ್ಸನ್ 1980ರಲ್ಲಿ ಬಿಬಿಸಿಗೆ ರಾಜೀನಾಮೆ ಕೊಟ್ಟು, ಮರುವರ್ಷ ಪ್ರಾಮ್ಸ್ ಕುರಿತು ಒಂದು ಕಿರುಪುಸ್ತಕ ಬರೆದರು. ಅಷ್ಟು ದೊಡ್ಡ ಉತ್ಸವದ ಆಯ್ಕೆ ಒಬ್ಬರ ಅಭಿರುಚಿಗೆ ದೀರ್ಘಕಾಲ ಒಪ್ಪಿಸಿದಂತಾಗಬಾರದು, ಆ ಸ್ಥಾನದ ಅವಧಿಗೆ ಮಿತಿಯಿರಬೇಕು ಎಂಬುದು ಅವರ ವಾದ. ವ್ಯಕ್ತಿ ಎಷ್ಟೇ ಒಳ್ಳೆಯವರಾಗಿದ್ದರೂ ಈ ಮಾತು ಸರಿಯೆಂದು ನನಗೆ ತೋರುತ್ತದೆ, ಏಕೆಂದರೆ ಹತ್ತು ಹನ್ನೆರಡು ವರ್ಷ ಒಂದು ಕೃತಿ ಕೇಳಿಬರದಿದ್ದರೆ ಅದನ್ನು ನುಡಿಸಿ ಬಲ್ಲ ವಾದಕರೂ ಅದನ್ನು ಕೇಳಿ ಬಲ್ಲ ಸಭಿಕರೂ ಚದುರಿಹೋಗುತ್ತಾರೆ.

ಜನ ಬರುತ್ತಾರೆಯೇ ಎಂಬ ಪ್ರಶ್ನೆಗೆ ಸ್ಯಾಮ್ಯುಯೆಲ್ ಕೋಲ್‌ರಿಜ್-ಟೇಲರ್ (1875–1912) ಅವರ ‘ಹೈವಾಥಾ’ ಎಂಬ ಗಾಯಕವೃಂದದ ಕೃತಿಯನ್ನು ನೆನಪಿಸುತ್ತೇನೆ. ಸಿಯೆರಾ ಲಿಯೋನ್ ಮೂಲದ ತಂದೆಯ ಮಗನಾದ ಈ ಸಂಯೋಜಕರ ಕೃತಿಯನ್ನು 1924ರಿಂದ 1939ರವರೆಗೆ ಆಲ್ಬರ್ಟ್ ಹಾಲ್‌ನಲ್ಲಿ ವೇಷಭೂಷಣಗಳೊಡನೆ ಬಹುತೇಕ ಪ್ರತಿ ವರ್ಷ ಆಡಿದರು, ಜನ ತುಂಬಿ ಬಂದರು. ಯುದ್ಧದಿಂದ ಆ ರೂಢಿ ಕಡಿಯಿತು. ಅದರೊಡನೆ ಕೃತಿಯೂ ಮರೆಯಾಯಿತು. ರೂಢಿಯೇ ಸಭಿಕರನ್ನು ತಯಾರು ಮಾಡುತ್ತದೆ.

ಅರಮನೆ ಬ್ಯಾಂಡು

ಮೈಸೂರಿನವನಾಗಿ ಒಂದು ಸಂಗತಿಯನ್ನು ಸೇರಿಸುತ್ತೇನೆ. ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದ ವಾಗ್ಗೇಯಕಾರರು ಮಾತ್ರವಲ್ಲ, ಪಾಶ್ಚಾತ್ಯ ಸಂಗೀತದ ಆಳವಾದ ಅಭ್ಯಾಸಿಗಳು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯದ ಸಂಯೋಜಕ ನಿಕೊಲಾಯ್ ಮೆಟ್ನರ್ ಅವರನ್ನು ಜಗತ್ತು ಮರೆಯುತ್ತಿದ್ದಾಗ ಮೈಸೂರಿನ ಹಣದಿಂದ ಮೆಟ್ನರ್ ಸೊಸೈಟಿ ಸ್ಥಾಪನೆಯಾಗಿ, ಸ್ವತಃ ಸಂಯೋಜಕರ ವಾದನ ಎಚ್‌ಎಂವಿ ತಟ್ಟೆಗಳಲ್ಲಿ ಮುದ್ರಣವಾಯಿತು. ಮೆಟ್ನರ್ ತಮ್ಮ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ್ದಾರೆ. 1950ರ ಮೇ 22ರಂದು ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರಯೋಗಕ್ಕೂ ಒಡೆಯರ್ ಅವರ ಬೆಂಬಲವಿತ್ತು.

ಈ ಎರಡು ಕೃತಿಗಳ ಮುಂದಿನ ಗತಿಯನ್ನು ಹೋಲಿಸಿ ನೋಡಿ. ಸ್ಟ್ರಾಸ್ ಅವರ ಗೀತೆಗಳನ್ನು ದೊಡ್ಡ ಗಾಯಕಿಯರು ಒಬ್ಬರಾದ ಮೇಲೊಬ್ಬರು ಕಛೇರಿಗಳಲ್ಲಿ ಹಾಡಿದರು. ಇಂದು ಅವು ಎಲ್ಲೆಡೆ ಇವೆ. ಮೆಟ್ನರ್ ಅವರಿಗೆ ದೊರೆತದ್ದು ಮುಖ್ಯವಾಗಿ ಧ್ವನಿಮುದ್ರಣ. ಅವರ ಕಾನ್ಸರ್ಟೊಗಳು ಕಛೇರಿಯಲ್ಲಿ ಇಂದಿಗೂ ವಿರಳ. ಮುದ್ರಣ ಸಂಗೀತವನ್ನು ಕಾಪಾಡುತ್ತದೆ, ಅದಕ್ಕಾಗಿ ನಾವು ಋಣಿಗಳು. ಕಛೇರಿಯ ಕೆಲಸವನ್ನು ಅದು ಮಾಡಲಾರದು.

ಹಿಂದಿನ ಸಾಲಿನ ಕೇಳುಗ

‘ಹೈವಾಥಾ’ ಮತ್ತು ಎಲ್ಗರ್ ಕಾನ್ಸರ್ಟೊಗಳ ಉದಾಹರಣೆ ನನ್ನ ಜರಡಿಯ ವಾದವನ್ನು ಸಾಕಷ್ಟು ಸಡಿಲಗೊಳಿಸಿದೆ ಎಂದು ಒಪ್ಪುತ್ತೇನೆ. ಆದರೆ ಒಂದು ವಿಷಯದಲ್ಲಿ ನಾನು ಗಟ್ಟಿಯಾಗಿ ನಿಲ್ಲುತ್ತೇನೆ. ಎಲ್ಲರಿಗೂ ಸಮನಾಗಿ ಪಾಲು ಹಂಚುವ ಉತ್ಸಾಹದಲ್ಲಿ ದುರ್ಬಲ ಕೃತಿಗಳನ್ನು ವೇದಿಕೆಗೆ ತಂದರೆ ಬಲವಾದ ಕೃತಿಗಳಿಗೇ ಹಾನಿ. ಬ್ರಯನ್ ಅವರ 32 ಸಿಂಫನಿಗಳೂ ಬೇಡ. ನಾಲ್ಕನ್ನು ಆರಿಸಿ, ಅವನ್ನೇ ಮತ್ತೆ ಮತ್ತೆ ನುಡಿಸಲಿ. ನಿಮ್ಮಲ್ಲಿ ಯಾರಾದರೂ ಒಬ್ಬ ವ್ಯವಸ್ಥಾಪಕರ ಮುಂದೆ ಇಡಬಹುದಾದ, ನಿಜವಾಗಿಯೂ ನಡೆಯಬಲ್ಲ ಒಂದು ಕಾರ್ಯಕ್ರಮವನ್ನು ಹೇಳಬಲ್ಲಿರಾ?

ವಿಯೋಲಾ ಮೇಜು

ಹೇಳುತ್ತೇನೆ. ರಬ್ರಾ ಅವರ ನಾಲ್ಕನೆಯ ಸಿಂಫನಿಯನ್ನು ಆರಿಸುತ್ತೇನೆ. 1942ರ ಪ್ರಾಮ್ಸ್‌ನಲ್ಲಿ ಅವರು ಸೈನಿಕ ಸಮವಸ್ತ್ರದಲ್ಲಿಯೇ ನಿಂತು ನಿರ್ದೇಶಿಸಿದ ಕೃತಿ ಅದು; ಮೆಲ್ಲನೆ ಮಿಡಿಯುವ ಸ್ವರಗುಚ್ಛಗಳ ಮೇಲೆ ಅವಸರವಿಲ್ಲದೆ ಬೆಳೆಯುವ ಅದರ ಆರಂಭ ಯಾವ ಸಭೆಯನ್ನೂ ಹಿಡಿದು ಕೂರಿಸುತ್ತದೆ. ಹೆಚ್ಚುವರಿ ವಾದಕರು ಬೇಡ, ಗಾಯಕವೃಂದ ಬೇಡ. ಮೊದಲ ಅರ್ಧದಲ್ಲಿ ಜನರಿಗೆ ಪ್ರಿಯವಾದ ಕಾನ್ಸರ್ಟೊ ಒಂದನ್ನು ಹೆಸರಾಂತ ವಾದಕರಿಂದ ನುಡಿಸಿ, ಎರಡನೆಯ ಅರ್ಧವನ್ನು ರಬ್ರಾ ಅವರಿಗೆ ಬಿಡಬೇಕು. ಕಾನ್ಸರ್ಟೊವನ್ನು ವಾದಕರು ಬಲ್ಲರಾದ್ದರಿಂದ ಅದಕ್ಕೆ ಒಂದೇ ತಾಲೀಮು ಸಾಕು. ಉಳಿಯುವ ಸಮಯವೆಲ್ಲ ಸಿಂಫನಿಗೆ. ಇದೇ ಕಾರ್ಯಕ್ರಮ ಒಂದೇ ವಾರದಲ್ಲಿ ಮೂರು ಊರುಗಳಲ್ಲಿ ನಡೆಯಬೇಕು, ಏಕೆಂದರೆ ಮೂರನೆಯ ರಾತ್ರಿ ವಾದಕರ ಕಣ್ಣು ಸ್ವರಲಿಪಿಯಿಂದ ಮೇಲೇಳುತ್ತದೆ ಮತ್ತು ಕೃತಿ ನಿಜವಾಗಿ ಕೇಳಿಸತೊಡಗುತ್ತದೆ. ಎರಡು ವರ್ಷ ಬಿಟ್ಟು ಅದೇ ವಾದ್ಯವೃಂದ ಅದೇ ಸಿಂಫನಿಯನ್ನು ಮತ್ತೆ ಎತ್ತಿಕೊಳ್ಳುತ್ತೇವೆಂದು ಮೊದಲೇ ಒಪ್ಪಿಕೊಂಡಿರಬೇಕು.

ಮೇಳಕರ್ತ

ಆ ಎರಡನೆಯ ಬಾರಿಗೆ ಮೊದಲ ಅರ್ಧದಲ್ಲಿ ರಬ್ರಾ ಅವರದೇ ಪಿಯಾನೊ ಕಾನ್ಸರ್ಟೊ ಇರಲಿ ಎಂಬುದು ನನ್ನ ಕೋರಿಕೆ. ಅದನ್ನು ಅವರು ಸರೋದ್ ವಾದಕ ಅಲಿ ಅಕ್ಬರ್ ಖಾನ್ ಅವರಿಗೆ ಅರ್ಪಿಸಿದ್ದಾರೆ. ಬೆಂಗಳೂರಿನಿಂದ ಹೊರಟು ಅದನ್ನು ಕೇಳಲು ಬರುವವರು ನಾನೊಬ್ಬಳೇ ಆಗಿರುವುದಿಲ್ಲ ಎಂಬ ನಂಬಿಕೆ ನನಗಿದೆ.